ಮೋಟಾರಿನ ಹಾಡು

ಕೃತಕ ಹಲ್ಲಿನ ಸೆಟ್ಟು ಮಾಡುವ ಆ ಹೆಂಗಸಿಗೆ ನಲವತ್ತಾರು ವರ್ಷ. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟುಕೊಂಡು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಪಾಲಿಶ್ ಮೋಟಾರಿಗೆ ಹಿಡಿದು ಹೊಳಪು ಕೊಡುವುದು ಇಪ್ಪತ್ತು ವರ್ಷದಿಂದ ಅವಳ ಕಸುಬು. ಕೋಣೆ ತುಂಬ ಬಾಯಿಗಳು, ಮಾತಾಡುವುದು ಮಾತ್ರ ಒಂದೂ ಇಲ್ಲ. ಹಾಗಾಗಿ ಅವಳಿಗೆ ಹಾಡು ಬೇಕಿತ್ತು. ಅಮೆರಿಕದ ಕಪ್ಪು ಜನರ ಹಳೆಯ ಸೋಲ್ ಹಾಡುಗಳೆಂದರೆ ಪ್ರಾಣ.

“ಹೆಸರೇ ಸೋಲು ಅಂತೆ. ಗೆಲ್ಲೋ ಹಾಡು ಯಾವ್ದೂ ಇಲ್ವೇನೇ?” ಎಂದು ಅಮ್ಮ ಒಳಗಿನಿಂದ ಕೇಳುತ್ತಿದ್ದಳು.

ಫೋನಿನಲ್ಲಿ ನಾಲ್ಕು ಜನರ ಒಂದು ಗುಂಪಿತ್ತು. ಇವಳು, ಒಬ್ಬ ಲೈಬ್ರರಿ ಮೇಷ್ಟ್ರು, ಒಬ್ಬ ಬೇಕರಿಯವ, ಮತ್ತೆ ಲಿಫ್ಟ್ ರಿಪೇರಿ ಮಾಡುವವನೊಬ್ಬ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಶುಕ್ರವಾರ ಮಧ್ಯಾಹ್ನ ಒಬ್ಬೊಬ್ಬರೂ ಒಂದೊಂದು ಹಾಡು ಕಳಿಸಬೇಕು, ಮಿಕ್ಕವರು ಕೇಳಿ ಹೇಗಿದೆ ಅಂತ ಬರೆಯಬೇಕು. ಇವಳನ್ನು ಅಲ್ಲಿ ಎಲ್ಲರೂ ಹಲ್ಲಕ್ಕ ಅಂತಲೂ, ಲಿಫ್ಟಿನವನನ್ನು ಲಿಫ್ಟಣ್ಣ ಅಂತಲೂ ಕರೆಯುತ್ತಿದ್ದರು.

ಲಿಫ್ಟಣ್ಣನಿಗೆ ಹಿಪ್‌ಹಾಪ್ ಹುಚ್ಚು. ರ‍್ಯಾಪ್ ಹಾಡುಗಾರರು ಹಳೆಯ ಸೋಲ್ ಹಾಡಿನ ತುಂಡು ಕತ್ತರಿಸಿ ತಮ್ಮ ಹಾಡಿಗೆ ಹೊಲಿದುಕೊಳ್ಳುತ್ತಾರೆ. ಅವನು ರ‍್ಯಾಪ್ ಕಳಿಸಿದರೆ ಆ ತುಂಡು ಯಾವ ಹಾಡಿನದೆಂದು ಇವಳು ಹುಡುಕಿ ಕಳಿಸುತ್ತಿದ್ದಳು. ಮೋಟಾರಿನ ಸದ್ದು ಕೇಳಿಯೇ ಲಿಫ್ಟಿನ ರೋಗ ಹೇಳುವ ಕಿವಿ ಅವನದು. “ಎರಡನೇ ನಿಮಿಷದಲ್ಲಿ ಗಾಯಕಿ ಒಮ್ಮೆ ಉಸಿರೆಳ್ಕೊತಾಳೆ, ಗಮನಿಸಿದ್ರಾ?” ಎಂದು ಬರೆಯುತ್ತಿದ್ದ. ಅಷ್ಟು ನಿಗಾ ಇಟ್ಟು ಕೇಳುವವನ ಮೇಲೆ ಅವಳಿಗೆ ಮನಸ್ಸಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಶುಕ್ರವಾರ ಮಾತ್ರ ಬೆಳಗ್ಗೆಯೇ ತಲೆಸ್ನಾನ ಮಾಡಿ ಬೆಂಚಿಗೆ ಕೂರುತ್ತಿದ್ದಳು.

ಗುಂಪಿನ ಮೂರನೇ ವರ್ಷ ಅವನ ಉತ್ತರಗಳು ಸಪ್ಪೆಯಾದವು. “ಚೆನ್ನಾಗಿದೆ.” “ಇದೂ ಚೆನ್ನಾಗಿದೆ.” ನಿಮಿಷವಿಲ್ಲ, ಉಸಿರಿಲ್ಲ. ಬೇರೆ ಯಾರೋ ಸಿಕ್ಕಿರಬೇಕು, ನನ್ನ ಹಾಡು ಕೇಳುವಷ್ಟು ಪುರುಸೊತ್ತೂ ಇಲ್ಲವಾಗಿದೆ ಎಂದು ಅವಳ ಹೊಟ್ಟೆ ಉರಿಯಿತು. ಆರು ತಿಂಗಳು ನುಂಗಿಕೊಂಡಳು. ಒಂದು ಶುಕ್ರವಾರ ಪಾಲಿಶ್ ಮೋಟಾರಿನ ಗುಂಯ್ ಸದ್ದನ್ನೇ ನಾಲ್ಕು ನಿಮಿಷ ರೆಕಾರ್ಡ್ ಮಾಡಿ, ಅಪರೂಪದ ಸೋಲ್ ಹಾಡು ಎಂದು ಹೆಸರಿಟ್ಟು ಗುಂಪಿಗೆ ಕಳಿಸಿದಳು. ಮಿಕ್ಕಿಬ್ಬರು ನೋಡುವ ಮೊದಲೇ ಅವನ ಉತ್ತರ ಬಂತು.

“ಹಲ್ಲಕ್ಕ, ಆಕೆ ದನಿ ಎದೆ ಹಿಂಡಿಬಿಡ್ತು.”

ಅವಳು ಹಿಂದುಮುಂದು ನೋಡಲಿಲ್ಲ. “ಹಿಂಡಿದ್ದು ನನ್ನ ಮೋಟಾರು. ಕೇಳದೇ ಹೊಗಳೋ ಸುಳ್ಳುಗಾರ ನೀನು. ಇಷ್ಟು ದಿನ ನಮ್ಮನ್ನೆಲ್ಲ ಮಂಗ ಮಾಡ್ದೆ” ಎಂದು ಎಲ್ಲರ ಮುಂದೆ ಬರೆದಳು. ಬೇಕರಿಯವ ನಗುವ ಮುಖವೊಂದನ್ನು ಹಾಕಿದ. ಲಿಫ್ಟಣ್ಣ ಗುಂಪು ಬಿಟ್ಟುಹೋದ.

ಹತ್ತು ದಿನದ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ಹಲ್ಲಕ್ಕ ಅಂದ್ರೆ ನೀವೇನಾ? ನಾನು ಲಿಫ್ಟ್ ರಿಪೇರಿಯವನ ತಂಗಿ. ಅಣ್ಣಂಗೆ ಕಿವಿ ಕೇಳ್ಸಲ್ಲ ಅಕ್ಕ.”

ಅವಳು ಮೇಣ ಕೆತ್ತುವ ಚಾಕು ಕೆಳಗಿಟ್ಟಳು. “ಯಾವಾಗಿಂದ?”

“ಏಳು ತಿಂಗಳಾಯ್ತು. ಜ್ವರ ಬಂತು, ಜ್ವರ ಹೋಯ್ತು, ಕಿವಿನೂ ಹೋಯ್ತು. ಲಿಫ್ಟ್ ಕೆಲಸದಿಂದ ತೆಗೆದು ಸ್ಟೋರಲ್ಲಿ ಬೋಲ್ಟು ವಿಂಗಡಿಸೋಕೆ ಕೂರಿಸಿದಾರೆ. ಶುಕ್ರವಾರ ಮಾತ್ರ ಬಿಡ್ತಿರ್ಲಿಲ್ಲ. ನಿಮ್ಮ ಹಾಡು ನಂಗೆ ಕೇಳ್ಸಿ, ಹೆಂಗಿದೆ ಹೇಳು ಅಂತಿದ್ದ. ನಂಗೇನು ಗೊತ್ತಾಗತ್ತೆ? ಚೆನ್ನಾಗಿದೆ ಅಂತ ಬರ್ದು ತೋರಿಸ್ತಿದ್ದೆ. ನೀವು ಮೋಟಾರಿನ ಸದ್ದು ಕಳಿಸ್ದಾಗ ನಾನು ಮನೇಲಿರ್ಲಿಲ್ಲ, ತಾನೇ ಊಹಿಸಿ ಬರ್ದ.”

“ನಮಗೆ ಒಂದು ಮಾತು ಹೇಳಬಹುದಿತ್ತಲ್ಲ.”

“ಹೇಳಿದ್ರೆ ಹಾಡು ಕಳ್ಸೋದು ನಿಲ್ಲಿಸ್ತಾರೆ ಅಂತಿದ್ದ.”

“ನಾನು ಬರ್ಲಾ? ಕಾಲು ಹಿಡೀತೀನಿ.”

“ಬೇಡಕ್ಕ. ಅವನಿಗೆ ಸಿಟ್ಟಿಲ್ಲ, ನಾಚಿಕೆ. ಸಿಟ್ಟಾಗಿದ್ರೆ ಬನ್ನಿ ಅಂತಿದ್ದೆ.”

ಅವಳು ಕ್ಷಮೆ ಕೇಳಿ ಬರೆದ ನಾಲ್ಕು ಸಂದೇಶಗಳಿಗೂ ಅವನು ಉತ್ತರಿಸಲಿಲ್ಲ. ಕೊನೆಗೆ, ಅವನು ಮೊಟ್ಟಮೊದಲು ಮೆಚ್ಚಿದ್ದ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಮಾತಿನಲ್ಲಿ ಬರೆದಳು. ಡ್ರಮ್ಮು ಎಲ್ಲಿ ಶುರುವಾಗುತ್ತದೆ, ಗಾಯಕಿಯ ದನಿ ಎಲ್ಲಿ ಬಿರಿಯುತ್ತದೆ, ಹಿಂದೆ ನಿಂತು ಹಾಡುವ ಹುಡುಗಿಯರು ಯಾವ ಸಾಲಿಗೆ ದನಿಗೂಡಿಸುತ್ತಾರೆ ಎಲ್ಲವನ್ನೂ. ಮೂರು ದಿನ ಹಿಡಿಯಿತು. ಕಳಿಸಿದ ಮಾರನೇ ಮಧ್ಯಾಹ್ನ ಉತ್ತರ ಬಂತು.

“ಓದಿದೆ. ತಲೆಯೊಳಗೆ ಪೂರ್ತಿ ಕೇಳಿಸ್ತು. ಮುಗಿದ ಮೇಲೆ ಮತ್ತೆ ಏನೂ ಇಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ. ನಿಮ್ಮ ಮೇಲೆ ಬೇಜಾರಿಲ್ಲ. ಇನ್ನು ಕಳಿಸ್ಬೇಡಿ.”

ಏನೇನೋ ಬರೆದಳು, ಅಳಿಸಿದಳು. ಕೊನೆಗೆ “ಆಯ್ತು” ಎಂದಷ್ಟೇ ಕಳಿಸಿದಳು. ಅವತ್ತು ಸಂಜೆ ಒಂದು ಸೆಟ್ಟು ಡಾಕ್ಟರಿಗೆ ತಲುಪಬೇಕಿತ್ತು, ತಲುಪಲಿಲ್ಲ. ಯಾಕೆಂದು ಕೇಳಲು ಕಾಂಪೌಂಡರ ಫೋನ್ ಮಾಡಿದಾಗ, ತನಗೆ ಮೈ ಸರಿಯಿಲ್ಲ ಎಂದಳು.