ಎಳೆ ಕೆಚ್ಚುವ ದೊಡ್ಡವ್ವ

ಅವಳ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಸವೆದು ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಆ ಹೊಳಪಿನ ಮೇಲೆ ಯಾವಾಗಲೂ ಒಂದಿಷ್ಟು ಬೂದಿ. ರೇಷನ್ ಅಂಗಡಿಗೆ ಬೆರಳು ಒತ್ತುವ ಯಂತ್ರ ಬಂದಾಗ ಎಷ್ಟು ಸಲ ಒತ್ತಿದರೂ ಅದು ಅವಳನ್ನು ಗುರುತಿಸಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಅವಳು ತಿರುಗಿ, "ಈ ಬೀದೀಲಿರೋ ಒಂದೊಂದು ಎಳೆಗೂ ನನ್ ಬೆಳ್ಳು ಗೊತ್ತು. ಈ ಮಿಷಿನ್‌ಗೆ ಮಾತ್ರ ತೆರಿಯಾದಂತೆ, ಗೊತ್ತೇ ಇಲ್ವಂತೆ ಲಾ," ಎಂದಳು. ಗೊಣಗುತ್ತಿದ್ದವರೇ ನಕ್ಕರು. ಕೊನೆಗೆ ಎಡಗೈ ಕಿರುಬೆರಳು ಯಂತ್ರಕ್ಕೆ ಒಪ್ಪಿಗೆಯಾಗಿ ಅವಳಿಗೆ ಅಕ್ಕಿ ಸಿಕ್ಕಿತು.

ತಮಿಳುನಾಡಿನ ಸೇಲಂ ಹತ್ತಿರದ ತಾರಮಂಗಲದಲ್ಲಿ ನಮ್ಮದು ನೇಕಾರರ ಬೀದಿ. ಅವಳು ನಮಗೆ ರಕ್ತಸಂಬಂಧಿಯಲ್ಲ, ಮೂರು ಮನೆ ಆಚೆಯವಳು. ಆದರೂ ಬೀದಿಯ ಮಕ್ಕಳಿಗೆಲ್ಲ ದೊಡ್ಡವ್ವ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ನೇಯ್ದು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಒಂದು ಮೊಳ ಬಾಲ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಸೇರಿಸಿ, ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆಯಬೇಕು. ಆಮೇಲೆ ಹಳೆಯದನ್ನು ಮೆಲ್ಲಗೆ ಎಳೆದರೆ ಹೊಸದು ಅದರ ಬೆನ್ನು ಹಿಡಿದು ಮಗ್ಗದ ನೂಲಿನ ಕಣ್ಣುಗಳಲ್ಲಿ ತೂರಿ ಈಚೆಗೆ ಬರುತ್ತದೆ. ಇದಕ್ಕೆ ನಾವು ಕೆಚ್ಚುವುದು ಅನ್ನುತ್ತೇವೆ. ಒಂದು ಸೀರೆಯ ಹಾಸಿನಲ್ಲಿ ಎಳೆ ಸಾವಿರಾರು. ಬೀದಿಯ ಎಲ್ಲ ಮನೆಗಳಿಗೂ ಅವಳೇ ಕೆಚ್ಚುತ್ತಿದ್ದಳು.

ಕೆಚ್ಚಲು ಕೂತರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ. ಯಾರ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾವ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ, ಎಲ್ಲವೂ ಆ ಎಳೆಗಳ ಜತೆಗೇ ಹೊಸೆದುಕೊಂಡು ಹೋಗುತ್ತಿತ್ತು. ಆದರೆ ಒಂದು ಹಿಡಿಯಷ್ಟು ಎಳೆ ಮುಗಿದಾಗ ಮಾತ್ರ ಮಾತು ನಿಲ್ಲಿಸುತ್ತಿದ್ದಳು. ಅಷ್ಟನ್ನೂ ಒಟ್ಟಿಗೆ ಹಿಡಿದು ಮೆಲ್ಲಗೆ ಜಗ್ಗಿ, ತಲೆ ವಾರೆ ಮಾಡಿಕೊಂಡು ಸುಮ್ಮನಿರುತ್ತಿದ್ದಳು. ಏನು ಮಾಡುತ್ತೀ ಎಂದು ನಾನು ಕೇಳಿದ್ದಕ್ಕೆ, "ಸರಿಯಾಗಿ ಸೇರ್ಕೊಂಡೈತಾ ಅಂತ ಕೇಳ್ತಾ ಇವ್ನಿ," ಅಂದಿದ್ದಳು. ಎಳೆ ಉತ್ತರ ಹೇಳಿತೇನೋ, ಮತ್ತೆ ಕಂಡಕ್ಟರನ ಕಥೆ ಶುರುವಾಗುತ್ತಿತ್ತು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಬೇಸಿಗೆ ರಜೆಯಲ್ಲಿ ನಾನೂ ಕೆಚ್ಚುತ್ತೇನೆ ಎಂದು ಹಟ ಹಿಡಿದೆ. ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಮಗ್ಗದ ವಿಷಯದಲ್ಲಿ ಅಪ್ಪನದು ಮೂಗಿನ ತುದಿಯ ಕೋಪ. "ಇವ್ಳಿಗೆ ಒಂದು ಕಡೆ ಕೂರೋಕಾಗಲ್ಲ. ಇವ್ಳ ಕೈಗೆ ಪಾವು ಕೊಟ್ರೆ ಕೆಟ್ಟೋಯ್ತದೆ," ಎಂದ. ಪಾವು ಅಂದರೆ ಹಾಸು, ವುಡು ಅಂದರೆ ಬಿಡು. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ದೊಡ್ಡವ್ವ, "ನಾನು ಗ್ಯಾರಂಟಿ. ಕೊಡಪ್ಪ," ಅಂದಳು. ಅವಳ ಮಾತಿಗೆ ಅಪ್ಪ ಒಪ್ಪಿದ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಪಾಲಿಗೆ ಕೊಟ್ಟ ಬದಿ ಮುಗಿಯಿತು. ನೋಡಿದರೆ ಕಡೆಯಲ್ಲಿ ಹಳೆಯ ಹಾಸಿನ ಒಂದು ಎಳೆ ಜೋಡಿಯಿಲ್ಲದೆ ನೇತಾಡುತ್ತಿತ್ತು. ನಡುವೆ ಎಲ್ಲೋ ಹೊಸ ಎಳೆಗಳು ಎರಡು ಅಂಟಿಕೊಂಡು ಬಂದು ಒಂದೇ ಎಳೆಗೆ ಸೇರಿಬಿಟ್ಟಿವೆ ಎಂದು ನನಗೆ ತಕ್ಷಣ ತಿಳಿಯಿತು. ಅಲ್ಲಿಂದ ಈಚೆಗೆ ಪ್ರತಿಯೊಂದು ಎಳೆಯೂ ಒಂದೊಂದು ಮನೆ ತಪ್ಪಿದೆ. ಅಂಚಿನ ಬಣ್ಣ ಒಡಲಿಗೆ ಬರುತ್ತದೆ. ಅಪ್ಪ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ನಾನು ಆ ಒಂಟಿ ಎಳೆಯನ್ನು ಪಕ್ಕದ ಎಳೆಯ ಜತೆಗೇ ಸೇರಿಸಿ ಹೊಸೆದುಬಿಟ್ಟೆ. ಈಗ ಯಾವುದೂ ನೇತಾಡುತ್ತಿರಲಿಲ್ಲ. ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು.

ದೊಡ್ಡವ್ವ ಊಟ ಮುಗಿಸಿ ಬಂದು ಹಿಡಿ ಹಿಡಿಯಾಗಿ ಜಗ್ಗುತ್ತ ಹೋದಳು. ಒಂದು ಕಡೆ ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಬೈಯಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು ಮೆಲುದನಿಯಲ್ಲಿ, "ಕಡೇಲಿ ಸರಿ ಬಂದ್ರೆ ಆಗೋಯ್ತಾ ಮಗಾ? ನಡುವೆ ಏನೈತೆ ಅಂತ ನೇಯೋನಿಗೆ ಗೊತ್ತಾಗ್ತದೆ," ಎಂದಳು. ಆಮೇಲೆ ತಪ್ಪಿದ ಜಾಗದಿಂದ ಕಡೆಯವರೆಗೆ ಎಲ್ಲವನ್ನೂ ಬಿಚ್ಚಿ, ಮತ್ತೆ ಒಂದೊಂದಾಗಿ ಹೊಸೆದಳು. ನಾನು ಬೂದಿಯ ಬಟ್ಟಲು ಹಿಡಿದುಕೊಂಡು ಕೂತೆ. ಅಪ್ಪ ಬಂದು, ಇಷ್ಟು ಹೊತ್ತಾದರೂ ಯಾಕೆ ಮುಗಿದಿಲ್ಲ ಎಂದು ಕೇಳಿದ. ಅವಳು ತಲೆಯೆತ್ತದೆ, "ನನ್ ಕಣ್ಣು ಒಂದ್ಕಡೆ ತಪ್ಪೋಯ್ತು, ಅದಕ್ಕೆ ತಡ," ಎಂದಳು. ಕಣ್ಣು ತಪ್ಪಿತು ಎನ್ನುವುದು ಕೆಚ್ಚುವವಳಿಗೆ ಸಣ್ಣ ಮಾತಲ್ಲ. ಮರುದಿನ ಬೀದಿಯಲ್ಲಿ ಯಾರೋ ಅವಳಿಗೆ ವಯಸ್ಸಾಯಿತು ಎಂದು ಆಡಿಕೊಂಡದ್ದನ್ನು ನಾನೇ ಕಿವಿಯಾರೆ ಕೇಳಿದೆ. ಕೇಳಿಯೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸೇಲಂನಲ್ಲಿ ಅರ್ಥಶಾಸ್ತ್ರ ಓದಿ ಮುಗಿಸಿದ ಮೇಲೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿಗೆ ನನಗೆ ಸ್ಥಳವೂ ವಿದ್ಯಾರ್ಥಿವೇತನವೂ ಸಿಕ್ಕಿತು. ನಾಲ್ಕನೆಯ ದಿನ ದೊಡ್ಡವ್ವ ನಮ್ಮ ಮನೆಯಲ್ಲಿ ಕೆಚ್ಚುತ್ತಿದ್ದಾಗ ಅಪ್ಪ, "ಮದುವೆ ವಯಸ್ಸು. ಅಷ್ಟು ದೂರ ಕಳಿಸಿ, ಇಲ್ಲಿ ನಾನು ನಾಲ್ಕು ಜನಕ್ಕೆ ಏನ್ ಉತ್ರ ಏಳ್ಲಿ?" ಎಂದು ಅವಳನ್ನೇ ಕೇಳಿದ. ಅವಳು ಕೈಯಲ್ಲಿದ್ದ ಹಿಡಿ ಮುಗಿಸಿ, ಜಗ್ಗಿ ನೋಡಿ, ಆಮೇಲೆ ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು.

"ನಂಗೆ ಬೆಳ್ಳಲ್ಲಿ ಗೆರೆ ಇಲ್ಲ. ರೇಷನ್ ಅಂಗಡಿಯೋನೇ ಒಳಗೆ ಸೇರಿಸಲ್ಲ. ಗೆರೆ ಇರೋಳು ಓಗ್ಬರ್ಲಿ ವುಡಪ್ಪ."

ಅಪ್ಪ ನಕ್ಕುಬಿಟ್ಟ. ನಕ್ಕ ಮೇಲೆ ಬೇಡ ಅನ್ನುವುದು ಅವನಿಗೆ ಆಗಲಿಲ್ಲ. ಚೆನ್ನೈನಲ್ಲಿ ವೀಸಾ ಅರ್ಜಿಗೆ ಹತ್ತು ಬೆರಳಿನ ಗುರುತು ಕೊಡುವಾಗ ಗಾಜಿನ ಕೆಳಗೆ ಹಸಿರು ಬೆಳಕು ಬಂತು. ಯಂತ್ರ ನನ್ನ ಒಂದೊಂದು ಬೆರಳನ್ನೂ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಅವಳ ಬೆರಳು ಸವೆದದ್ದರಲ್ಲಿ ನಮ್ಮ ಮನೆಯ ಪಾಲು ಎಷ್ಟಿರಬಹುದು ಎಂದು ಯೋಚಿಸುತ್ತ ಈಚೆಗೆ ಬಂದೆ.

ಇಂಗ್ಲೆಂಡಿನ ಮೊದಲ ತಿಂಗಳುಗಳ ಚಳಿ, ತಬ್ಬಿಬ್ಬು ಎಲ್ಲ ಪರದೇಶಕ್ಕೆ ಹೋದವರೆಲ್ಲ ಹೇಳುವಂಥದ್ದೇ. ಒಂದು ಲಾಭ ಮಾತ್ರ ಹೇಳಬೇಕು. ನಾನು ಓದಿದ್ದೆಲ್ಲ ತಮಿಳು, ಇಂಗ್ಲಿಷು. ಕನ್ನಡ ನಮಗೆ ಬಾಯಲ್ಲಿ ಮಾತ್ರ. ಕೋಣೆಯ ಜತೆಗಾತಿ ಹಾಸನದವಳು. ನನ್ನ ಕನ್ನಡ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅಕ್ಷರ ಕಲಿಸಿದಳು. ಇದನ್ನು ಬರೆಯುತ್ತಿರುವುದು ಆ ಕಲಿಕೆಯಿಂದಲೇ.

ಕೊನೆಯ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಹಳ್ಳಿಗಳ ಮನೆಗಳ ಸಮೀಕ್ಷೆ. ಒಂದು ಕಡತದಲ್ಲಿ ಒಂದೊಂದು ಮನೆಯ ಹೆಂಗಸರ ದುಡಿಮೆ, ಇನ್ನೊಂದರಲ್ಲಿ ಅದೇ ಮನೆಗಳ ಹೆಣ್ಣುಮಕ್ಕಳ ಓದು. ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ಸಾಲಿಗೆ ಸಾಲು ಜೋಡಿಸಿದೆ. ಫಲ ಚೆಂದವಾಗಿ ಬಂತು: ಹೆಂಗಸರಿಗೆ ಕೈಕಸುಬು ಇರುವ ಮನೆಗಳಲ್ಲಿ ಹುಡುಗಿಯರು ಹೆಚ್ಚು ವರ್ಷ ಓದುತ್ತಾರೆ. ದೊಡ್ಡವ್ವನನ್ನು ಕಂಡಿದ್ದ ನನಗೆ ಅದು ನಿಜವಾಗಲೇಬೇಕಿತ್ತು. ನನ್ನ ಮಾರ್ಗದರ್ಶಕಿ ಹಿಗ್ಗಿಹೋದರು. ಇದನ್ನೇ ಬೆಳೆಸಿ ಪಿಎಚ್.ಡಿ. ಮಾಡು, ನಾನು ಶಿಫಾರಸು ಬರೆಯುತ್ತೇನೆ ಎಂದರು.

ಪ್ರಬಂಧ ಒಪ್ಪಿಸಲು ಮೂರು ವಾರ ಇತ್ತು. ಒಂದು ಭಾನುವಾರ ಬೆಳಿಗ್ಗೆ ಏನೋ ಅಳುಕಾಗಿ, ನೂರು ಸಾಲಿಗೊಮ್ಮೆ ನಿಂತು ಮನೆಯ ನಂಬರುಗಳನ್ನು ಎರಡೂ ಕಡತದಲ್ಲಿ ತಾಳೆ ನೋಡುತ್ತ ಹೋದೆ. ಜಗ್ಗಿ ನೋಡುವ ಅಭ್ಯಾಸ ನನಗೂ ಅಂಟಿತ್ತು. ನಡುವೆ ಒಂದು ಕಡೆ ನಂಬರು ತಪ್ಪಿತು. ಮೊದಲ ಕಡತದಲ್ಲಿ ಒಂದು ಮನೆ ಎರಡು ಸಲ ಸೇರಿಹೋಗಿತ್ತು. ಅಲ್ಲಿಂದಾಚೆಗೆ ಪ್ರತಿ ಮನೆಯ ತಾಯಿಗೂ ಪಕ್ಕದ ಮನೆಯ ಮಗಳನ್ನು ಜೋಡಿಸಿದ್ದೆ. ಕಡೆಯಲ್ಲಿ ಒಂದು ಸಾಲು ಹೆಚ್ಚಾಗಿ ಉಳಿದದ್ದು ಆಗಲೇ ನೆನಪಿಗೆ ಬಂತು. ಬೇಡದ್ದೆಂದು ನಾನೇ ಅದನ್ನು ಅಳಿಸಿದ್ದೆ. ಹನ್ನೆರಡು ವರ್ಷದ ಹುಡುಗಿ ಮಾಡಿದ್ದನ್ನೇ ಇಪ್ಪತ್ಮೂರರಲ್ಲಿ ಮಾಡಿದ್ದೆ. ಸರಿಯಾಗಿ ಜೋಡಿಸಿ ನೋಡಿದರೆ ಆ ಚೆಂದದ ಫಲ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಯಿತು.

ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಶಿಫಾರಸು ಹೋಗುತ್ತದೆ, ಪಿಎಚ್.ಡಿ. ಹೋಗುತ್ತದೆ, ಅಪ್ಪ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದ್ದೂ ಹೋಗುತ್ತದೆ. ಮನೆಗೆ ಫೋನ್ ಮಾಡಿದೆ. ಅಪ್ಪನ ಹತ್ತಿರ ಹೇಳಲು ಬಾಯಿ ಬರಲಿಲ್ಲ. ದೊಡ್ಡವ್ವ ಅಲ್ಲೇ ಕೆಚ್ಚುತ್ತಿದ್ದಳು. ನನ್ನ ಅವ್ವ ಫೋನನ್ನು ದೊಡ್ಡವ್ವನ ಮುಂದೆ ಚೊಂಬಿಗೆ ಒರಗಿಸಿ ನಿಲ್ಲಿಸಿದಳು. ಪರದೆಯಲ್ಲಿ ದೊಡ್ಡವ್ವನ ಮುಖ ಅರ್ಧ, ಎಳೆಗಳು ಅರ್ಧ. ಕಂಪ್ಯೂಟರು, ಕಡತ ಅಂತೆಲ್ಲ ಹೇಳಲು ಹೋಗಿ ಸೋತು, "ನಡುವೆ ಜೋಡಿ ಎಳೆ ಬಿದ್ದೈತೆ ದೊಡ್ಡವ್ವ. ಕಡೇಲಿ ಉಳಿದಿದ್ದನ್ನ ನಾನೇ ಮುಚ್ಚಾಕಿದ್ದೆ," ಎಂದೆ.

ಅವಳ ಕೈ ನಿಂತಿತು. "ಎಲ್ಲಿಂದ ತಪ್ಪೈತೆ, ಗೊತ್ತಾ?"

"ಗೊತ್ತು."

"ಜಾಗ ಗೊತ್ತಾದ್ಮೇಲೆ ಅಳೋದ್ಯಾಕೆ? ಅಲ್ಲಿಗಂಟ ಬಿಚ್ಚು. ಮತ್ತೆ ಕೆಚ್ಚು."

"ಬಿಚ್ಚಿದ್ರೆ ಸೀರೆ ಚೆನ್ನಾಗಿ ಬರಲ್ಲ ದೊಡ್ಡವ್ವ."

"ಬರ್ದಿದ್ರೆ ಬರ್ದೇ ಓಗ್ಲಿ ವುಡು. ನೇಯೋನಿಗೆ ಮೋಸ ಆಗ್ಬಾರ್ದು," ಎಂದು ಮತ್ತೆ ಎಳೆ ಹಿಡಿದಳು. "ಊಟ ಮಾಡ್ದಾ?"

ಮರುದಿನ ಮಾರ್ಗದರ್ಶಕಿಯ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅವರ ಮುಖ ಚಿಕ್ಕದಾಯಿತು. ಇದನ್ನು ನೀನಾಗಿಯೇ ಹುಡುಕಿದೆಯಾ ಎಂದು ಮಾತ್ರ ಕೇಳಿದರು. ತೆಳುವಾದ ಫಲವನ್ನೇ ಬರೆದು ಒಪ್ಪಿಸಿದೆ. ಸಾಧಾರಣ ದರ್ಜೆ ಬಂತು. ಪಿಎಚ್.ಡಿ. ಸಿಗಲಿಲ್ಲ. ಆದರೆ ಆರು ತಿಂಗಳ ನಂತರ ಅಂಕಿಅಂಶ ಪರಿಶೀಲಿಸುವ ಒಂದು ಕೆಲಸಕ್ಕೆ ಅದೇ ಮಾರ್ಗದರ್ಶಕಿ ನನ್ನ ಹೆಸರು ಸೂಚಿಸಿದರು. ತನ್ನ ತಪ್ಪನ್ನು ತಾನೇ ಹಿಡಿದುಕೊಡುವವಳು ಎಂದು ಪತ್ರದಲ್ಲಿ ಬರೆದಿದ್ದರಂತೆ. ಅದು ನನಗೆ ಸಲ್ಲಬೇಕಾದ ಮಾತಲ್ಲ. ಯಾರಿಗೆ ಸಲ್ಲಬೇಕೆಂದು ಅವರಿಗೆ ತಿಳಿಯುವಂತಿರಲಿಲ್ಲ.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕಲಾ ಎಂದು ಫೋನಿನಲ್ಲಿ ಕೇಳಿದ್ದೆ. ಬೇಡವೇ ಬೇಡ ಎಂದಳು. ಕೆಚ್ಚಿದ ಜಾಗ ಮಗ್ಗದ ಈಚೆಗೆ ಬಂದಮೇಲೆ ಅಷ್ಟನ್ನು ನೇಯದೆ ಬಿಟ್ಟು, ಆಮೇಲೆ ಕತ್ತರಿಸಿ ಹಾಕುತ್ತಾರೆ. "ನಾನು ಕೆಚ್ಚಿದ್ದು ಯಾವ ಸೀರೇಲಾದ್ರೂ ಇರ್ತದಾ? ಇದ್ರಲ್ಲಿ ಮಾತ್ರ ಯಾಕೆ?" ಎಂದು ನಕ್ಕಳು. ಅದಕ್ಕೇ ಇಲ್ಲಿಯೂ ಅವಳ ಹೆಸರು ಬರೆದಿಲ್ಲ.

ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗಲೇ ಅವಳು ತೀರಿಕೊಂಡಳು. ಹಿಂದಿನ ದಿನ ಸಾಯಂಕಾಲವೂ ಬೀದಿಯಲ್ಲಿ ಮಾತಾಡಿಕೊಂಡು ಕೂತಿದ್ದಳಂತೆ. ನನಗೆ ಬರಲಾಗಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ.

ಕೆಲವು ತಿಂಗಳ ಮೇಲೆ ಊರಿಗೇ ಮರಳಿದೆ. ಈಗ ಸೇಲಂನಲ್ಲಿ ಪಾಠ ಹೇಳುತ್ತೇನೆ. ಬಂದ ವಾರದಲ್ಲೇ ಅಪ್ಪನ ಮಗ್ಗದ ಹಾಸು ಮುಗಿಯುತ್ತ ಬಂದಿತ್ತು. ಅದು ದೊಡ್ಡವ್ವ ಕೆಚ್ಚಿದ ಕಡೆಯ ಹಾಸು. ಕೆಚ್ಚಲು ಬೇರೆ ಊರಿನಿಂದ ಯಾರನ್ನಾದರೂ ಕರೆಸಬೇಕು ಎಂದು ಅಪ್ಪ ಅನ್ನುತ್ತಿದ್ದ. ನಾನು ಕೆಚ್ಚುತ್ತೇನೆ ಎಂದೆ. ಈ ಸಲ ಗ್ಯಾರಂಟಿ ಹೇಳಲು ಯಾರೂ ಇರಲಿಲ್ಲ. ಅಪ್ಪ ಬೂದಿಯ ಬಟ್ಟಲು ತಂದಿಟ್ಟ.

ಅವಳು ಒಂದೂವರೆ ದಿನದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ನಾನು ನಾಲ್ಕು ದಿನ ತೆಗೆದುಕೊಂಡೆ. ಮೂರನೆಯ ದಿನ ನನ್ನ ಬೆರಳಿಗೆ ಒಂದು ದಪ್ಪ ಎಳೆ ಸಿಕ್ಕಿತು. ಬಿಡಿಸಿ ನೋಡಿದೆ. ಮಗ್ಗದ ಒಂದೇ ಕಣ್ಣಿನಲ್ಲಿ ಎರಡು ಎಳೆ ಸೇರಿ ಬಂದಿದ್ದವು. ಎದ್ದು ಹೋಗಿ ಆ ತುದಿಯ ಅಂಚು ನೋಡಿದೆ. ಕಡೆಯ ಕಣ್ಣು ಬರಿದಾಗಿತ್ತು. ಅಲ್ಲಿಂದಿಲ್ಲಿಗೆ ಎಲ್ಲವೂ ಒಂದೊಂದು ಎಳೆ ತಪ್ಪಿ ಬಂದಿದ್ದವು. ಅಂಚಿನ ಸಾಸಿವೆ ಬಣ್ಣದ ಒಂದು ಎಳೆ ಒಡಲಿನಲ್ಲಿ ನಿಂತಿತ್ತು. ಆ ಹಾಸಿನ ಸೀರೆಗಳೆಲ್ಲದರಲ್ಲೂ ಆ ಗೆರೆ ಉದ್ದಕ್ಕೂ ಬಂದಿರಬೇಕು. ನೇಯ್ದವನು ಅಪ್ಪ. ಅಪ್ಪನ ಕಣ್ಣಿಗೆ ಅದು ಬೀಳದಿರಲು ಸಾಧ್ಯವೇ ಇಲ್ಲ.

ದೊಡ್ಡವ್ವನ ಕಣ್ಣು ಆಗ ನಿಜವಾಗಿಯೇ ಮಂಜಾಗಿತ್ತು. ಜಗ್ಗಿದಾಗ ಎಳೆ ಹೇಳಿದ್ದು ಅವಳಿಗೆ ಕೇಳಿರಲಿಲ್ಲ.

ಜೋಡಿಯಾಗಿ ಬಂದಿದ್ದ ಎರಡಕ್ಕೂ ಸೇರಿಸಿ ಒಂದೇ ಹೊಸ ಎಳೆ ಹೊಸೆದೆ. ಅಲ್ಲಿಂದ ಮುಂದಕ್ಕೆ ಒಂದಕ್ಕೊಂದು ಕೆಚ್ಚುತ್ತ ಹೋದೆ. ಕಡೆಯಲ್ಲಿ ಉಳಿದ ಎಳೆಯನ್ನು ಕೊಕ್ಕೆ ಕಡ್ಡಿಯಿಂದ ಆ ಬರಿದಾದ ಕಣ್ಣಿನಲ್ಲಿ ತೂರಿಸಿದೆ. ಎಲ್ಲ ತಮ್ಮ ತಮ್ಮ ಮನೆಗೆ ಸೇರಿದವು. ಹಿಡಿ ಹಿಡಿಯಾಗಿ ಜಗ್ಗಿ ಕೇಳಿದೆ.

ಅಪ್ಪ ಬಾಗಿಲಲ್ಲಿ ಕೂತಿದ್ದ. "ಯಾಕೆ ಇಷ್ಟು ಒತ್ತಾಯ್ತು?" ಎಂದು ಕೇಳಿದ.

"ನನ್ ಕಣ್ಣು ಒಂದ್ಕಡೆ ತಪ್ಪೋಯ್ತಪ್ಪ. ಅದಕ್ಕೆ ತಡ."

ಅಪ್ಪ ನನ್ನನ್ನೇ ನೋಡಿದ.

"ಅವತ್ತು ಅವ್ಳೂ ಇಂಗೇ ಅಂದ್ಲು," ಎಂದು ಎದ್ದು ಬಂದು ಮಗ್ಗಕ್ಕೆ ಕೂತ.