ಹೆಗಲಿನಿಂದ ಕೊರಳಿಗೆ

ಕೆಳಗಿನ ಅಂಗಡಿಯ ಶಟರ್ ಕರಕರನೆ ಮೇಲೇಳುವ ಸದ್ದೇ ಆ ಬೀದಿಯ ಹೆಂಗಸರಿಗೆ ಗಡಿಯಾರ. ಶರ್ಟು ಹೊಲಿಯುವ ಕಾರ್ಖಾನೆಗೆ ಅವರು ಹೊರಡುವುದು ಆಗಲೇ. ಮೊದಲೆಲ್ಲ ಆ ಸದ್ದಿಗೆ ಮಹಡಿಯ ಮನೆಯಿಂದ ಒಂದೇ ಜೊತೆ ಚಪ್ಪಲಿ ಇಳಿಯುತ್ತಿತ್ತು. ಈಗ ಎರಡು. ಎರಡನೆಯದು ಯಾವಾಗಲೂ ಮುಂದೆ.

ಹಿಂದೆ ಉಳಿಯುವವಳನ್ನು ಕಾರ್ಖಾನೆಯಲ್ಲಿ ಹೆಗಲಕ್ಕ ಎನ್ನುತ್ತಿದ್ದರು. ಅಂಗಿಯ ಎದೆಭಾಗವನ್ನೂ ಬೆನ್ನನ್ನೂ ಹೆಗಲ ಬಳಿ ಹೊಲಿದು ಕೂಡಿಸುವುದು ಅವಳ ಕೆಲಸ. ಅದಕ್ಕೆ ಅಲ್ಲಿ ಎಲ್ಲರೂ ಹೇಳುತ್ತಿದ್ದುದು ‘ಜಾಯಿನ್’. ಇಂಗ್ಲಿಷಿನ ಆ ಒಂದು ಮಾತು ತನ್ನ ಸ್ವಂತದ್ದು ಎಂಬಂತೆ ಅವಳು ಇಷ್ಟು ವರ್ಷ ಬಾಳಿದ್ದಳು.

ಮನೆಗೆ ನಾದಿನಿ ಬಂದ ಮೇಲೆ ಆ ಮಾತು ಊರೆಲ್ಲ ಓಡಾಡಿತು. ಹೆಗಲಕ್ಕನೇ ಅವರಿವರ ಕೈಕಾಲು ಹಿಡಿದು ಕಾರ್ಖಾನೆಗೆ ಸೇರಿಸಿದ ಹುಡುಗಿ, “ನಾನು ಜಾಯಿನ್ ಆದೆ” ಎಂದು ಬೀದಿಗೆಲ್ಲ ಸಾರಿಕೊಂಡಳು. ಕಡಿದ ದಾರಕ್ಕೆ ಜಾಯಿನ್, ಫೋನಿನ ಗುಂಪಿಗೆ ಜಾಯಿನ್, ಎರಡು ಗಲ್ಲಿ ಕೂಡುವ ಮೂಲೆಗೂ ಅದೇ. ಒಂದು ದಿನ ಹೆಗಲಕ್ಕ ಊಟದ ಡಬ್ಬಿ ಹಿಡಿದು ಬಂದಾಗ ಮೇಜಿನ ಸುತ್ತ ನಗೆ ತುಂಬಿತ್ತು.

“ಬನ್ನಿ ಅತ್ತಿಗೆ, ನಮ್ಮ ಜೊತೆ ಜಾಯಿನ್ ಆಗಿ,” ಎಂದು ನಾದಿನಿ ಸರಿದು ಜಾಗ ಮಾಡಿದಳು.

ಹೆಗಲಕ್ಕ ವರ್ಷಗಟ್ಟಲೆ ಕೂತ ಮೇಜು ಅದು. ತನ್ನ ಮನೆಗೇ ತನ್ನನ್ನು ನೆಂಟರಂತೆ ಕರೆದ ಹಾಗಾಯಿತು.

ಆ ವಾರವೇ ಕಾಲರ್ ಕೂಡಿಸುವವಳು ಕೆಲಸ ಬಿಟ್ಟಳು. ಹೊಲಿಗೆ ಯಂತ್ರಗಳ ಸಾಲಿಗೆಲ್ಲ ದೊಡ್ಡ ಜಾಗ ಅದು. ಕೊರಳು ಕೆಟ್ಟರೆ ಅಂಗಿಯೇ ಕೆಟ್ಟಂತೆ. ಹೆಗಲಕ್ಕನ ಕಣ್ಣು ಬಹುಕಾಲದಿಂದ ಆ ಕುರ್ಚಿಯ ಮೇಲಿತ್ತು. ಸೂಪರ್‌ವೈಸರ್ ಬಂದು, “ಕೈ ಚುರುಕಿದೆ, ನೋಡೋಣ” ಎಂದು ನಾದಿನಿಯನ್ನು ಅಲ್ಲಿ ಕೂರಿಸಿದ.

“ನೀನು ನೆಟ್ಟ ಗಿಡ ಚೆನ್ನಾಗಿ ಚಿಗುರ್ತಲ್ಲೇ,” ಗುಂಡಿ ಹಾಕುವವಳು ಕೆಣಕಿದಳು.

“ನೀರು ಹಾಕಿದೋಳೂ ನಾನೇ ತಾನೆ,” ಎಂದಳು ಹೆಗಲಕ್ಕ. ನಗಲು ಹೋದ ತುಟಿ ಅರ್ಧಕ್ಕೇ ನಿಂತಿತು.

ಒಂದೇ ಬಣ್ಣದ ಬಟ್ಟೆಯೂ ಪದರದಿಂದ ಪದರಕ್ಕೆ ಕೂದಲೆಳೆಯಷ್ಟು ಬೇರೆ. ಅದಕ್ಕೇ ಕತ್ತರಿಸಿದ ಪ್ರತಿ ತುಂಡಿಗೂ ನಂಬರಿನ ಚೀಟಿ ಅಂಟಿಸುತ್ತಾರೆ. ಅಂಗಿಯ ಮೈಗೆ ಅದೇ ನಂಬರಿನ ಕಾಲರ್ ಕೂಡಬೇಕು. ಎರಡನ್ನೂ ಹೊಂದಿಸಿ ಕಟ್ಟಿ ಮುಂದಕ್ಕೆ ದಾಟಿಸುವುದು ಹೆಗಲಕ್ಕನ ಪಾಲಿನದು. ಮರುದಿನ ಬಂದದ್ದು ತಿಳಿನೀಲಿ ಬಟ್ಟೆ. ಅವಳ ಬೆರಳುಗಳು ಕಾಲರುಗಳನ್ನು ಇಸ್ಪೀಟೆಲೆಯಂತೆ ಕಲಸಿ ಕಟ್ಟಿದವು. ನಾದಿನಿ ನಂಬರ್ ನೋಡಿದರೆ ಬಚಾವ್, ನೋಡದಿದ್ದರೆ ಅವಳ ಹಣೆಬರಹ ಎಂದು ಮನಸ್ಸಿಗೆ ಹೇಳಿಕೊಂಡಳು.

ಮಧ್ಯಾಹ್ನ ಸೂಪರ್‌ವೈಸರ್ ಅಂಗಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. “ಏನಮ್ಮ ಇದು? ಮೈ ಒಬ್ಬಂದು, ಕೊರಳು ಅವನ ಭಾವಮೈದುನಂದು. ನಂಬರ್ ನೋಡಲ್ವಾ?”

“ನೋಡಲಿಲ್ಲ ಸರ್. ನಂದೇ ತಪ್ಪು,” ಎಂದಳು ನಾದಿನಿ.

“ಹಾಗಾದ್ರೆ ದಾರ ಕತ್ತರಿಸೋ ಕಡೆ ಹೋಗು. ಹೆಗಲಕ್ಕ, ನಾಳೆಯಿಂದ ಈ ಜಾಗ ನೀವೇ ನೋಡ್ಕೊಳ್ಳಿ.” ಅವನು ತನ್ನ ಮೇಜಿಗೆ ಮರಳಿದ.

ನಾದಿನಿ ಕತ್ತರಿ ಎತ್ತಿಕೊಂಡು ಹತ್ತಿರ ಬಂದು ದನಿ ತಗ್ಗಿಸಿದಳು. “ನೀವು ಹೊಂದಿಸಿದ್ದು ಅಂದ್ರೆ ನಾನು ನಂಬರ್ ನೋಡೋದೇ ಇಲ್ಲ ಅತ್ತಿಗೆ. ಕಟ್ಟುವಾಗ ಏನೋ ಕಣ್ತಪ್ಪಿರ್ಬೇಕು. ನಿಮ್ಮ ಹೆಸರು ಎತ್ತಲಿಲ್ಲ ನಾನು.”

ಬೇಡಿದ ಕುರ್ಚಿ ಎದುರಿಗೇ ಖಾಲಿಯಿತ್ತು. ಆದರೆ ಹೆಗಲಕ್ಕನ ಹೊಟ್ಟೆಯಲ್ಲಿ ಹಳೆಯ ಕಿಚ್ಚೇ ಹೊಸದಾಗಿ ಹೊತ್ತಿತು. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ ಹೋದಳಲ್ಲ. ಅಷ್ಟನ್ನೂ ಇವಳಿಗೇ ಬಿಟ್ಟುಕೊಡಬೇಕೆ?

“ಕಣ್ತಪ್ಪಿದ್ದಲ್ಲ,” ಎಂದಳು.

“ಏನಂದ್ರಿ ಅತ್ತಿಗೆ?”

ಹೆಗಲಕ್ಕ ನೀಲಿ ಅಂಗಿಗಳ ರಾಶಿಯನ್ನು ತೋಳಿಗೇರಿಸಿಕೊಂಡಳು. “ಸರ್, ನಿಲ್ಲಿ, ಈ ಕಟ್ಟು ಕಟ್ಟಿದೋಳು ನಾನು,” ಎನ್ನುತ್ತ, ಯಂತ್ರಗಳ ನಡುವಿನ ಸಂದಿಯಲ್ಲಿ, ಮೊದಲ ಬಾರಿಗೆ ನಾದಿನಿಗಿಂತ ಮುಂದಾಗಿ, ಹಿಂತಿರುಗಿ ನೋಡದೆ ಅವನ ಮೇಜಿನತ್ತ ನಡೆದಳು.