ಕರೆದರೆ ಬರುವ ಮಗ

ನಮ್ಮ ದೊಡ್ಡಮ್ಮ ಗಂಗಾಂಬಿಕೆಯನ್ನು ಬಾಗೂರಿನಲ್ಲಿ ಹೊಗಳದವರಿಲ್ಲ. ಹೊಗಳುವ ಕಾರಣ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆರು ವರ್ಷದ ಒಬ್ಬನೇ ಮಗ ಸತ್ತಾಗ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ. ಹಾಸನದ ನನ್ನ ಬಟ್ಟೆ ಅಂಗಡಿಗೆ ಬರುವ ಊರಿನವರು ಸೀರೆ ಬಿಡಿಸಿ ನೋಡುತ್ತಲೇ "ಎಂಥಾ ಭಕ್ತೆ ಕಣಮ್ಮ ನಿಮ್ ದೊಡ್ಡಮ್ಮ" ಅನ್ನುತ್ತಾರೆ. ಅಳಬೇಡ ಎಂದು ಅವಳ ಬಾಯಿ ಮುಚ್ಚಿಸಿದವರು ಯಾರು ಅನ್ನುವುದನ್ನು ಮಾತ್ರ ಒಬ್ಬರೂ ಎತ್ತುವುದಿಲ್ಲ.

ನಾನೇ ಹೇಳುತ್ತೇನೆ. ಶ್ರಾವಣದಲ್ಲಿ ಗುರುಗಳಾದ ಅಯ್ಯನವರನ್ನು ಮನೆಗೆ ಕರೆಸಿ, ಪಾದಪೂಜೆ ಮಾಡಿ, ಊಟಕ್ಕಿಡುವುದು ನಮ್ಮಲ್ಲಿ ಪದ್ಧತಿ. ಅಯ್ಯನವರು ಎಲೆ ಮುಂದೆ ಕೂತರೆಂದರೆ ಶಿವನೇ ಕೂತಂತೆ. ಅವರು ಕೈ ತೊಳೆಯುವ ತನಕ ಮನೆಯವರು ಹೊಸಿಲು ದಾಟುವಂತಿಲ್ಲ. ಕೆಲವು ವರ್ಷದ ಹಿಂದೆ ಅಂಥದೇ ಒಂದು ದಿನ ಮಗ ಕಾಂತರಾಜುಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆಯುತ್ತಿದ್ದವು. ದೊಡ್ಡಮ್ಮ ಅವನನ್ನು ಎತ್ತಿಕೊಂಡು ಬಾಗಿಲಿಗೆ ಬಂದರೆ ದೊಡ್ಡಪ್ಪ ಚನ್ನಬಸವಯ್ಯ ಅಡ್ಡ ನಿಂತರು.

"ಅಯ್ಯನೋರು ಏಳ್ಲಿ, ಆಮೇಲೆ ಓಗಾನ. ಶಿವ ನಮ್ಮುನ್ನ ಪರೀಕ್ಷೆ ಮಾಡ್ತಾವ್ನೆ."

ಅಯ್ಯನವರು ನಿಧಾನವಾಗಿ ಉಂಡರು. ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ಚನ್ನರಾಯಪಟ್ಟಣದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹೋಗಿಬಿಟ್ಟಿತ್ತು. ದೊಡ್ಡಮ್ಮ ಇನ್ನೂ ಅಳಲು ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ದೊಡ್ಡಪ್ಪ ಅಂದರು, "ಅಳಬ್ಯಾಡ. ಅತ್ರೆ ಮಾಡಿದ್ ಸೇವೆ ಎಲ್ಲಾ ಮಣ್ಣುಪಾಲಾಯ್ತದೆ." ಅವಳು ಅಳಲಿಲ್ಲ. ಹೇಳಿದ್ದನ್ನು ಕೇಳಿಕೊಂಡಿರು ಅನ್ನುವುದನ್ನು ಬಿಟ್ಟು ಬೇರೆ ಏನನ್ನೂ ಯಾರೂ ಅವಳಿಗೆ ಕಲಿಸಿರಲಿಲ್ಲ.

ದೊಡ್ಡಪ್ಪನ ತಲೆಯಲ್ಲಿದ್ದದ್ದು ಪುರಾಣದ ಒಂದು ಕಥೆ. ಶಿವ ಜಂಗಮನ ವೇಷದಲ್ಲಿ ಭಕ್ತನ ಮನೆಗೆ ಬಂದು, ನಿನ್ನ ಮಗನನ್ನೇ ಕೊಂದು ಅಡುಗೆ ಮಾಡಿ ಬಡಿಸು, ಕಣ್ಣಲ್ಲಿ ನೀರು ಬರಕೂಡದು ಅನ್ನುತ್ತಾನೆ. ಗಂಡ ಹೆಂಡತಿ ನಗುನಗುತ್ತಾ ಹಾಗೇ ಮಾಡುತ್ತಾರೆ. ಎಲೆಗೆ ಬಡಿಸಿದ ಮೇಲೆ, ಮಗನನ್ನೂ ಊಟಕ್ಕೆ ಕರೆ ಅನ್ನುತ್ತಾನೆ. ತಾಯಿ ಕರೆಯುತ್ತಾಳೆ, ಸತ್ತ ಮಗ ಓಡಿಬರುತ್ತಾನೆ. ಎಲ್ಲರಿಗೂ ಕೈಲಾಸ! ಪಕ್ಕದ ಮನೆಯವನು ಇಂಥದ್ದನ್ನು ಕೇಳಿದ್ದರೆ ಪೊಲೀಸರಿಗೆ ಹಿಡಿದುಕೊಡುತ್ತಿದ್ದೆವು. ದೇವರು ಕೇಳಿದ ಅಂದರೆ ಕೈ ಮುಗಿಯುತ್ತೇವೆ. ಕೊನೆಗೆ ಮಗ ಬರುತ್ತಾನಲ್ಲ, ಅದೊಂದರಿಂದಲೇ ಈ ಕಥೆ ನಮಗೆಲ್ಲ ಅರಗುತ್ತಿರುವುದು.

ಶ್ರಾವಣದಲ್ಲಿ ನಡೆಯುವ ಪುರಾಣ ಓದು ಈ ಕಥೆಗೆ ಬಂದ ದಿನ ನಮ್ಮೂರ ಮಠದಲ್ಲಿ ಅದನ್ನು ಮಾಡಿ ತೋರಿಸುತ್ತಾರೆ. ಒಂದು ಮಗುವನ್ನು ಒಳಕೋಣೆಯಲ್ಲಿ ಕೂರಿಸಿರುತ್ತಾರೆ. ಹೆಂಗಸೊಬ್ಬಳು ಎಲೆಗೆ ಬಡಿಸಿ, ಕೋಣೆಯ ಬಾಗಿಲಲ್ಲಿ ನಿಂತು "ಬಾರೋ ಮಗನೇ" ಎಂದು ಕರೆಯಬೇಕು. ಮಗು ಓಡಿಬಂದ ಮೇಲೆಯೇ ಊರಿಗೆ ಊಟ. ಹೋದ ಶ್ರಾವಣದಲ್ಲಿ ಆ ಗೌರವ ಗಂಗಾಂಬಿಕೆಗೇ ಸಲ್ಲಬೇಕು, ಕಥೆಯ ತಾಯಿಯ ಹಾಗೆ ಅಳದೆ ನಿಂತವಳು ಅವಳೇ ಎಂದು ಪುರಾಣ ಓದುವ ಚಂದ್ರಶೇಖರಯ್ಯನವರು ತೀರ್ಮಾನಿಸಿದರು. ಗೌರವವಂತೆ, ಇವರ ಮುಖಕ್ಕಿಷ್ಟು!

ಸುದ್ದಿ ಗೊತ್ತಾದ ಕೂಡಲೇ ಫೋನ್ ಮಾಡಿದೆ. "ಆಗಲ್ಲ ಅಂದ್ಬುಡು ದೊಡ್ಡಮ್ಮ."

"ನಿಮ್ ದೊಡ್ಡಪ್ಪ ಒಪ್ಕಂಡ್ ಬಂದವ್ರೆ ಕಣವ್ವ. ಕೇಳ್ದಾಗ್ಲಿಂದ ಅನ್ನ ಸೇರ್ತಿಲ್ಲ ನಂಗೆ. ಆ ಬಾಗಲಲ್ಲಿ ನಿಂತ್ಕಂಡು ಎಂಗೆ ಕರೀಲಿ ಹೇಳು?"

ಆ ಕಥೆಯ ದಿನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ನಾನು ಹೋಗುವ ಹೊತ್ತಿಗೆ ಮಠ ತುಂಬಿ, ಎಲೆಗಳ ಮುಂದೆ ಜನ ಸಾಲಾಗಿ ಕೂತಿದ್ದರು. ಎದುರುಮನೆ ಪ್ರತಿಭಾಳ ಮಗ ಒಳಕೋಣೆಯಲ್ಲಿದ್ದ. ಹಣೆ ತುಂಬ ವಿಭೂತಿ ಬಳಿದುಕೊಂಡ ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಇದ್ದರು. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ವಾಪಸು ಹೋಗಿಬಿಡೋಣ ಅನ್ನಿಸಿತು. ದೊಡ್ಡಮ್ಮ ಬಡಿಸಿ ಮುಗಿಸಿ ಬಾಗಿಲಲ್ಲಿ ನಿಂತಳು. ಚಂದ್ರಶೇಖರಯ್ಯನವರು ಮೈಕಿನಲ್ಲಿ "ಕರೀರಿ ತಾಯಿ" ಅಂದರು. ಅವಳು ಬಾಯಿ ಬಿಡಲಿಲ್ಲ. "ಕರಿಯೇ" ಎಂದು ದೊಡ್ಡಪ್ಪ ಕೂತಲ್ಲಿಂದಲೇ ಗದರಿದರು.

ದೊಡ್ಡಮ್ಮ ಕೋಣೆಯ ಕಡೆ ತಿರುಗಿದಳು. "ಮಗಾ, ಬರಬ್ಯಾಡ ಕಣಪ್ಪ. ಯಾರ್ ಕರುದ್ರೂ ಬರಬ್ಯಾಡ. ಅಲ್ಲೇ ಕುಂತಿರು."

ಜನ ಗುಸುಗುಸು ಶುರು ಮಾಡಿದರು. "ಇದೇನಮ್ಮಾ, ಕಥೆ ಮುಗೀಬೇಕಲ್ಲ?" ಅಂದರು ಚಂದ್ರಶೇಖರಯ್ಯ.

"ನಮ್ಮನೇಲಿ ಇಲ್ಲಿಗೇ ಮುಗುದಿದ್ದು ಸ್ವಾಮಿ. ನಾನೂ ಕರುದಿದ್ದೆ. ಆಸ್ಪತ್ರೇಲಿ ಕರುದೆ. ಮಣ್ಣು ಮಾಡೋವಾಗ ಬಾಯೊಳ್ಗೇ ಕರುದೆ. ಬರ್ನಿಲ್ಲ. ಕರುದ್ರೂ ಬರ್ದೆ ಓದ್ರೆ ಎಂಗಿರ್ತದೆ ಅಂತ ಎಲ್ರೂ ಒಸಿ ಕುಂತ್ಕಂಡು ನೋಡ್ಲಿ."

ಮಗು ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿದ ಪ್ರತಿಭಾಗೆ ತಡೆಯಲಾಗಲಿಲ್ಲ. ಎಲೆ ದಾಟಿಕೊಂಡು ಒಳಗೆ ಓಡಿ, ಮಗನನ್ನು ಅವಚಿಕೊಂಡು ಅಲ್ಲೇ ಗೋಡೆಗೊರಗಿ ಕೂತಳು. ಅವಳಿಗೆ ಹೊರಗೆ ಬಾ ಅನ್ನುವ ಧೈರ್ಯ ಅಲ್ಲಿ ಯಾವ ಗಂಡಸಿಗೂ ಇರಲಿಲ್ಲ.

ದೊಡ್ಡಪ್ಪ ಮಾತ್ರ ಎದ್ದು ಬಂದರು. "ಲೇ, ಶಿವನ ಮಾತ್ಗೆ ಎದುರಾಡ್ತೀಯಾ? ತಾಯಾದೋಳು ಆಡೋ ಮಾತೇನೇ ಇದು?"

"ತಾಯಾದೋಳು ಅವತ್ತೇ ಆಡ್ಬೇಕಿತ್ತು ಕಣ್ರೀ. ನಿಮ್ಮುನ್ನ ನೂಕ್ಬುಟ್ಟು ಓಗ್ಬೇಕಿತ್ತು. ಓಗಿದ್ರೆ ನನ್ ಮಗ ಇವತ್ತು ಎಲೆ ಮುಂದೆ ಕುಂತಿರೋನು."

ದೊಡ್ಡಪ್ಪ ಇನ್ನೇನೋ ಹೇಳಲು ಹೊರಟರು. ಅದನ್ನು ಕೇಳಿಸಿಕೊಳ್ಳದೆ ದೊಡ್ಡಮ್ಮ ಅವರ ಕಾಲ ಹತ್ತಿರವೇ ನೆಲಕ್ಕೆ ಕುಸಿದು, ಸೆರಗನ್ನೂ ಅಡ್ಡ ಹಿಡಿಯದೆ, ಊರಿಗೆ ಊರೇ ನೋಡುತ್ತಿರುವಾಗ ಗಟ್ಟಿಯಾಗಿ ಅಳತೊಡಗಿದಳು.